ಗೊರಿಲ್ಲಾ ಎಸೆದ ಬಾಳೆಹಣ್ಣು

ಮೊನ್ನೆ ಅಥಣಿ ಕಡೆ ಹೋಗಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನನ್ನು ಕೇಳಿದೆ. "ಕಂಪ್ಯೂಟರ್‌ನಾಗ ಏನ ಮಾಡ್ತಾರಪಾ?" ಅವನು ಯೋಚನೆ ಕೂಡ ಮಾಡಲಿಲ್ಲ. "ಅರ್ಜಿ ಹಾಕ್ತಾರ್ರೀ ಸರ್" ಅಂದ.

ಪಹಣಿ, ಜಾತಿ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪು. ಅಪ್ಪನ ಜೊತೆ ಹೋಗಿ ಪಾಳಿ ನಿಂತು, ಒಟಿಪಿ ಹೇಳಿ, ಪ್ರಿಂಟ್ ತಗೊಂಡು ಬರೋ ಜಾಗ. ಆ ಯಂತ್ರದ ಮುಂದೆ ಯಾವಾಗಲೂ ಬೇರೆ ಯಾರೋ ಕೂತಿರ್ತಾರೆ. ಇವನು ಈಚೆ ನಿಂತಿರ್ತಾನೆ. ನಾನು ನಕ್ಕುಬಿಟ್ಟೆ. ಆದರೆ ಆ ಉತ್ತರ ತಲೆಯಿಂದ ಹೋಗಲಿಲ್ಲ ನೋಡಿ.

ಯಾಕಂದ್ರೆ ತೊಂಬತ್ತರ ದಶಕದಲ್ಲಿ ಇದೇ ಸೀಮೆಯ ಹುಡುಗರಿಗೆ ಕಂಪ್ಯೂಟರ್ ಅಂದ್ರೆ ಮೊದಲು ಆಟದ ಸಾಮಾನು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಕಾಗವಾಡದವರು ಮಿರಜ್, ಸಾಂಗ್ಲಿಗೆ ಬಸ್ ಹತ್ತಿ ಕ್ಲಾಸಿಗೆ ಹೋಗ್ತಿದ್ರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಥೇಟ್ ಗುಡಿ!

1991ರಲ್ಲಿ ಮೈಕ್ರೋಸಾಫ್ಟ್ ಡಾಸ್ 5 ಬಂತು. ಅದರ ಜೊತೆ ಕ್ಯೂಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಪುಕ್ಕಟೆ. ಅದರೊಳಗೊಂದು ಆಟ: ಎರಡು ಕಟ್ಟಡ, ಮೇಲೆ ಎರಡು ಗೊರಿಲ್ಲಾ. ಒಂದರ ಮೇಲೊಂದು ಬಾಳೆಹಣ್ಣು ಎಸೀತವೆ. ಕೋನ ಎಷ್ಟು, ವೇಗ ಎಷ್ಟು ಅಂತ ನೀವೇ ಹೇಳಬೇಕು. ಅಷ್ಟೇ ಅಲ್ಲ, ಆಟ ಶುರು ಆಗೋ ಮೊದಲು ಅದು ಕೇಳ್ತಿತ್ತು, ಗುರುತ್ವ ಎಷ್ಟಿರಲಿ? ಭೂಮಿಗೆ 9.8. ನೀವು 1.6 ಹಾಕಿದ್ರೆ ಚಂದ್ರನ ಮೇಲೆ ಆಡಿದ ಹಾಗೆ, ಬಾಳೆಹಣ್ಣು ಪರದೆ ದಾಟಿ ಹೋಗೋದು. ಭೌತಶಾಸ್ತ್ರದ ಮೇಷ್ಟ್ರು ವರ್ಷವಿಡೀ ಹೇಳಿದ್ದು ಹತ್ತು ನಿಮಿಷದಲ್ಲಿ ತಲೆಗೆ ಹೋಗ್ತಿತ್ತು! ಇನ್ನೊಂದು ಮಜಾ ಏನಂದ್ರೆ, ಆಟದ ಹೊಟ್ಟೆ ತೆರೆದೇ ಇತ್ತು. ಅದನ್ನು ಬರೆದ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಕೆಡಿಸಬಹುದು. ಕೆಡಿಸಿ ಕೆಡಿಸಿಯೇ ಕಲಿತವರು ಎಷ್ಟು ಜನ!

ವಿಂಡೋಸ್‌ನಲ್ಲೂ ಹಾಗೇ. 1990ರ ವಿಂಡೋಸ್ 3.0 ಜೊತೆ ಸಾಲಿಟೇರ್ ಇಸ್ಪೀಟು ಬಂತು. ಬರೆದವನು ವೆಸ್ ಚೆರ್ರಿ, ಆಗಿನ್ನೂ ಕಂಪನಿಯಲ್ಲಿ ಇಂಟರ್ನ್ ಆಗಿದ್ದ ಹುಡುಗ. ಎಲೆಗಳ ಚಿತ್ರ ಬರೆದವರು ಸೂಸನ್ ಕೇರ್. 1984ರ ಮ್ಯಾಕಿಂಟೋಷ್‌ನ ಪುಟ್ಟ ಪುಟ್ಟ ಚಿತ್ರಗಳೂ ಅವರವೇ. ನಮ್ಮ ಕಡೆ ಸೊಸೈಟಿ ಕ್ಲರ್ಕುಗಳು ಮೌಸ್ ಹಿಡಿಯೋದು ಕಲಿತದ್ದು ಇಸ್ಪೀಟೆಲೆ ಎಳೆದೂ ಎಳೆದೂ. ಮ್ಯಾನೇಜರ್ ಬಂದ ತಕ್ಷಣ ಕಿಟಕಿ ಕೆಳಗಿಳಿಸೋ ವಿದ್ಯೆಯನ್ನೂ ಅಲ್ಲೇ ಕಲಿತರು ಅನ್ನಿ.

ಈಗ ಕನ್ನಡದ ವಿಷಯಕ್ಕೆ ಬರೋಣ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಇಡೀ ಕನ್ನಡ ಕೂರಿಸಿದರು. ಒತ್ತಕ್ಷರಕ್ಕೆ ಮಧ್ಯೆ ಎಫ್ ಒತ್ತಿದರಾಯ್ತು. ಚಿಕ್ಕೋಡಿಯ 'ಕ್ಕ' ಬೇಕಾ? ಕೆ, ಎಫ್, ಕೆ. ಮುಗೀತು. 'ಸೇಡಿಯಾಪು' ಅಂತ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಆಮೇಲೆ ಸರ್ಕಾರವೇ ಆ ವಿನ್ಯಾಸ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದದ್ದು ಅದರ ಮೇಲೆ. 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು. ನಿಮ್ಮದೇ ಅಕ್ಷರ ಮಾಡಿ ಒಳಗೆ ಹಾಕಿದ್ರೆ ಯಂತ್ರ ಒಪ್ಪಿಕೊಳ್ತಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅದರ ಫಲ ನೋಡಬೇಕಿದ್ದರೆ ಗಡಿ ತಾಲೂಕಿನ ಡಿಟಿಪಿ ಅಂಗಡಿಗೆ ಹೋಗಬೇಕಿತ್ತು. ಲಗ್ನಪತ್ರಿಕೆ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ. ಒಂದು ಕಡೆ ನುಡಿ, ಇನ್ನೊಂದು ಕಡೆ ಪುಣೆಯ ಶ್ರೀಲಿಪಿ. ಕೋರೆಲ್‌ಡ್ರಾದಲ್ಲಿ ಒಂದೇ ಗೆರೆಯ ಗಣಪತಿ. ಇವತ್ತು ಬರೆದ ಗಣಪತಿ ನಾಳೆ ಪಕ್ಕದ ಅಂಗಡಿಯಲ್ಲಿ! ತೊಂದರೆ ಇರಲಿಲ್ವಾ? ಇತ್ತು. ಇಲ್ಲಿಯ ಫೈಲು ಅಲ್ಲಿ ತೆರೆದರೆ ಬರೀ ಗೀಚು. ಯೂನಿಕೋಡ್ ಬಂದು ಆ ರೋಗ ವಾಸಿಯಾಯ್ತು. ಅದನ್ನು ನಾನು ಬೈಯೋದಿಲ್ಲ.

ಹಾಗೇ ಭೂಮಿ ಯೋಜನೆಯನ್ನೂ ಬೈಯೋದಿಲ್ಲ. 2000ದ ಆಸುಪಾಸಿನಲ್ಲಿ ತಾಲೂಕು ಕಚೇರಿಗೆ ಕಂಪ್ಯೂಟರ್ ಬಂತು, 15 ರೂಪಾಯಿಗೆ ಪಹಣಿ ಸಿಕ್ತು. ತಲಾಠಿ ಮನೆ ಮುಂದೆ ಚಪ್ಪಲಿ ಸವೆಸಿದ ರಾಯಬಾಗದ ರೈತನನ್ನು ಕೇಳಿ, ಅದರ ಬೆಲೆ ಅವನು ಹೇಳ್ತಾನೆ. ಆದರೆ ಊರಿಗೆ ಗೊತ್ತಿದ್ದ ಕಂಪ್ಯೂಟರ್ ಬದಲಾದದ್ದೂ ಅಲ್ಲಿಂದಲೇ. ಅದು ಕೌಂಟರ್ ಆಯ್ತು. ಬೆರಳಚ್ಚು ಕೊಟ್ಟ ನೌಕರನಿಗೆ ಮಾತ್ರ ತೆರೆಯೋ ಯಂತ್ರ. ಜಮೀನಿನ ದಾಖಲೆಗೆ ಅದು ಸರಿ. ಆದರೆ ಶಾಲೆಯ ಲ್ಯಾಬಿಗೂ ಅದೇ ಬುದ್ಧಿ ಬಂದರೆ? "ಮುಟ್ಟಬ್ಯಾಡ, ಕೆಡತೈತಿ" ಅನ್ನೋ ಮಾತು ಎಷ್ಟು ಮಕ್ಕಳು ಕೇಳಿಲ್ಲ!

ಅತ್ತ ಕಂಪನಿಗಳೂ ಬಾಗಿಲು ಹಾಕುತ್ತಾ ಬಂದವು. 2012ರ ವಿಂಡೋಸ್ 8ರಲ್ಲಿ ಆ ಹಳೇ ಇಸ್ಪೀಟು ಇರಲಿಲ್ಲ. ಮುಂದೆ ಜಾಹೀರಾತಿನ ಜೊತೆ ವಾಪಸ್ ಬಂತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತಿತು, ಅದರ ಮೇಲೆ ಹುಡುಗರು ಕಟ್ಟಿದ್ದ ಸಾವಿರಾರು ಆಟ ಬ್ರೌಸರಿನಿಂದ ಮಾಯ. ಭದ್ರತೆಯ ಕಾರಣ ಇತ್ತು, ನಿಜ. ವಿಂಡೋಸ್ 11ರ ಹೋಮ್ ಆವೃತ್ತಿಯಂತೂ ಶುರು ಮಾಡೋಕೇ ಇಂಟರ್ನೆಟ್ ಬೇಕು, ಕಂಪನಿಯ ಅಕೌಂಟ್ ಬೇಕು ಅಂತ ಕೇಳುತ್ತೆ. ದುಡ್ಡು ಕೊಟ್ಟು ತಂದವರು ನಾವು, ಮೊದಲು ಹೆಸರು ಬರೆಸಬೇಕಾದವರೂ ನಾವು!

"ಮೊಬೈಲ್ ಇದೆಯಲ್ಲ ಸರ್, ಹುಡುಗರು ರೀಲ್ಸ್ ಮಾಡ್ತಾರಲ್ಲ" ಅಂತೀರಿ. ಮಾಡ್ತಾರೆ, ಚೆಂದ ಮಾಡ್ತಾರೆ. ಚಿಕ್ಕೋಡಿ ಹುಡುಗರ ಕಾಮಿಡಿ ನೋಡಿ ನಾನೂ ಬಿದ್ದು ಬಿದ್ದು ನಕ್ಕಿದ್ದೀನಿ. ಆದರೆ ಅಲ್ಲಿ ಇಪ್ಪತ್ತು ಫಿಲ್ಟರ್ ಕೊಟ್ಟಿದ್ರೆ ಇಪ್ಪತ್ತರಲ್ಲೊಂದು ಆರಿಸ್ತಾರೆ. ಇಪ್ಪತ್ತೊಂದನೆಯದನ್ನು ತಾವೇ ಮಾಡೋದಕ್ಕೆ ಅದೇ ಮೊಬೈಲ್‌ನಲ್ಲಿ ಜಾಗ ಎಲ್ಲಿದೆ? ಗುರುತ್ವ ಎಷ್ಟಿರಲಿ ಅಂತ ಅದು ಕೇಳೋದಿಲ್ಲ.

ಅವತ್ತು ಅಥಣಿಯ ಆ ಹುಡುಗನಿಗೆ ಗೊರಿಲ್ಲಾ ಕಥೆ ಹೇಳಿದೆ. ಕಣ್ಣರಳಿಸಿ ಕೇಳಿದ. ಆಮೇಲೆ, "ಸರ್, ಗುರುತ್ವ ನಾವ ಹಾಕಬೇಕಿತ್ತರೀ?" ಅಂದ. ಹೂಂ ಅಂದೆ.

"ಮತ್ತ ಸೊನ್ನಿ ಹಾಕಿದ್ರ ಏನಾಗ್ತಿತ್ತರೀ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆಡಿದ್ರೂ ಸೊನ್ನೆ ಹಾಕಿ ನೋಡಿರಲಿಲ್ಲ.