ಪೆಣ್ಬುಯ್ಯಲ್

ನಮ್ಮ ಹಳಗನ್ನಡ ಶಾಸನಗಳಲ್ಲಿ ‘ಪೆಣ್ಬುಯ್ಯಲ್’ ಎಂಬ ಮಾತೊಂದುಂಟು. ಪೆಣ್ ಎಂದರೆ ಹೆಣ್ಣು. ಪುಯ್ಯಲ್ ಎಂದರೆ ಮೊರೆ, ಕೂಗು. ‘ಹುಯಿಲೆಬ್ಬಿಸು’ ಎನ್ನುವಾಗ ಇಂದಿಗೂ ಆ ಶಬ್ದ ನಮ್ಮ ಬಾಯಲ್ಲಿದೆ. ಶತ್ರುಗಳು ದನ ಹೊಡೆದುಕೊಂಡು ಹೋದರೆ ತುರುಗೋಳ್. ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಆರ್ತನಾದ ಪೆಣ್ಬುಯ್ಯಲ್. ‘ಪೆಂಡಿರುಡೆಯುರ್ಚು’, ಅಂದರೆ ಹೆಂಗಸರ ಉಡುಗೆಯನ್ನು ಸೆಳೆಯುವುದು, ಎಂದು ಬಿಚ್ಚಿಯೇ ಹೇಳಿದ ಶಾಸನಗಳೂ ಇವೆ. ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಇಂಥ ಪ್ರಸಂಗಗಳನ್ನು ವಿವೇಚಿಸಿದೆ.

ಕೂಗು ಕೇಳಿ ಓಡಿಬಂದು ಹೋರಾಡಿ ಮಡಿದವನಿಗೆ ಊರು ವೀರಗಲ್ಲು ನಿಲ್ಲಿಸಿತು. ಕಡೂರು ಸೀಮೆಯ ಬಯಲಿನಲ್ಲಿ ತಿರುಗಾಡಿದವರಿಗೆ ಇಂಥ ಕಲ್ಲುಗಳು ಹೊಸವಲ್ಲ. ಆ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಷ್ಟು ಹಿಂದೆಯೇ ಸಂಪುಟವಾಗಿ ಹೊರತಂದರು. ಕಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಕೂಗಿದವಳು ಎಲ್ಲಿ? ಅವಳಿಗೆ ಹೆಸರಿಲ್ಲ. ಮರುದಿನ ಮನೆಯವರು ಅವಳನ್ನು ಒಳಗೆ ಕರೆದುಕೊಂಡರೇ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು: ಕೂಗನ್ನು ಕೇಳಿದವರು ಸಾಕ್ಷ್ಯವನ್ನು ಕೇಳಿ ನಿಲ್ಲಲಿಲ್ಲ.

ಆಮೇಲೆ ನಾವು ‘ಮಾನಭಂಗ’ ಎಂಬ ಪದವನ್ನು ರೂಢಿಸಿಕೊಂಡೆವು. ಕನ್ನಡ ಪಾಠ ಹೇಳಿ ತಲೆ ನೆರೆಸಿಕೊಂಡ ನನಗೆ ಆ ಪದ ಸಹಿಸದು. ಪಾಪ ಮಾಡಿದವನು ಒಬ್ಬ, ಮಾನ ಕಳೆದುಕೊಂಡವಳು ಇನ್ನೊಬ್ಬಳು! ಈ ಅನ್ಯಾಯದ ಲೆಕ್ಕ ಆ ಸಮಾಸದೊಳಗೇ ಕೂತಿದೆ. ಬಾಯಿ ಮುಚ್ಚಿಕೋ ಎಂದು ಹೆತ್ತವರೇ ಮಗಳಿಗೆ ಹೇಳುವುದು ಇದರಿಂದಲೇ.

ನೊಂದವಳ ಗುರುತನ್ನು ಬಯಲುಮಾಡುವುದು 1983ರ ತಿದ್ದುಪಡಿಯಿಂದ ಅಪರಾಧವಾಯಿತು. ಇಲ್ಲಿಯೂ ಹೆಸರಿಲ್ಲ, ಆದರೆ ಇದು ಅವಳನ್ನು ಕಾಯಲೆಂದು. ಆಸ್ಪತ್ರೆಯ ಬಾಗಿಲು ತೆರೆಯಲು ಮಾತ್ರ ಬಹುಕಾಲ ಹಿಡಿಯಿತು. ಪೊಲೀಸರ ಕಾಗದವಿಲ್ಲದೆ ಪರೀಕ್ಷಿಸುವುದಿಲ್ಲವೆಂದು ಸರ್ಕಾರಿ ವೈದ್ಯರು, ಅದರಲ್ಲೂ ಗ್ರಾಮಾಂತರದವರು, ಹೆಣ್ಣುಮಕ್ಕಳನ್ನು ಹಿಂದಿರುಗಿಸುವುದನ್ನು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಕಟುವಾಗಿ ಟೀಕಿಸಿತು. ಅದು ಕರ್ನಾಟಕ ಸರ್ಕಾರವೇ ಒಯ್ದ ಮೊಕದ್ದಮೆ. ಕಾಗದಕ್ಕಾಗಿ ಅಲೆಯುವಷ್ಟರಲ್ಲಿ ಸಾಕ್ಷ್ಯ ತೊಳೆದುಹೋಗುತ್ತದೆಂಬುದು ನ್ಯಾಯಾಲಯದ ಕಳವಳ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕೆಂದು, ಕೊಡದಿದ್ದರೆ ಒಂದು ವರ್ಷದವರೆಗೆ ಸೆರೆಯುಂಟೆಂದು 2013ರಲ್ಲಿ ಕಾನೂನಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿಯೂ ಅದು ಉಳಿದಿದೆ.

ಪಂಚನಹಳ್ಳಿಯಂಥ ಹೋಬಳಿಯಿಂದ ತಾಲ್ಲೂಕಿನ ಊರು ಕಡೂರಿಗೆ ಬರಬೇಕು, ಜಿಲ್ಲೆಯ ಊರಿಗೆಂದರೆ ಚಿಕ್ಕಮಗಳೂರಿನವರೆಗೂ ಹೋಗಬೇಕು. ಬಸ್ಸಿನಲ್ಲಿ ಗುರುತಿನವರು, ಠಾಣೆಯ ಮುಂದೆ ಗುರುತಿನವರು. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯೂ ದೂರನ್ನು ಬರೆದುಕೊಳ್ಳಲೇಬೇಕೆಂದು ಹೊಸ ಸಂಹಿತೆ ವಿಧಿಸಿರುವುದರಿಂದ ಪಕ್ಕದ ಅರಸೀಕೆರೆಯ ಕಡೆಗೆ ಹೋದರೂ ‘ನಮ್ಮ ಎಲ್ಲೆಯಲ್ಲ’ ಎನ್ನುವಂತಿಲ್ಲ. ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಆರಿಸಿಕೊಂಡ ಕಡೆ, ಸಾಧ್ಯವಾದ ಮಟ್ಟಿಗೂ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು; ತಂದೆತಾಯಿಯೋ ಹತ್ತಿರದ ಬಂಧುವೋ ಜೊತೆಗಿರಬಹುದು. ದೂರವಾಣಿಯಲ್ಲಿ 181ನ್ನು ಒತ್ತಿದರೆ ಹಗಲಿರುಳೂ ಉತ್ತರ ಕೊಡುವವರಿದ್ದಾರೆ. ಆ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೂ ಹಾಲಿನ ಡೇರಿಯ ಬಾಗಿಲಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.