ಗಂಧಯುಕ್ತಿಯ ಹಳೆಯ ಪಾಠ

ಅರಸೀಕೆರೆಯಿಂದ ಬೀರೂರಿಗೆ ಹೋಗುವ ರೈಲುದಾರಿಯಲ್ಲಿ ಬಾಣಾವರವೆಂಬ ಊರುಂಟು. ಹೊಯ್ಸಳರ ದೋರಸಮುದ್ರವಾದ ಹಳೇಬೀಡು ಅಲ್ಲಿಗೆ ಬಹು ದೂರವಲ್ಲ. ಶೀಸೆಯಿಂದ ಚಿಮ್ಮಿಸುವ ಕೃತಕ ಸುಗಂಧವನ್ನು ಬಿಟ್ಟು ಪ್ರಕೃತಿದತ್ತವಾದುದನ್ನು ಹಿಡಿಯಬೇಕೆಂದು ಈಚೆಗೆ ಹಲವರು ಹೇಳುತ್ತಿರುವುದರಿಂದ, ಈ ಸೀಮೆಯ ಪರಿಮಳದ ಚರಿತ್ರೆಯನ್ನು ನಾವು ಕೊಂಚ ವಿಚಾರಮಾಡೋಣ.

ಪರಿಮಳವನ್ನು ಕೂಡಿಸುವ ವಿದ್ಯೆಗೆ ನಮ್ಮ ಹಿರಿಯರು ಗಂಧಯುಕ್ತಿಯೆಂದು ಹೆಸರಿಟ್ಟಿದ್ದರು. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ವು ವ್ಯವಸಾಯ, ಅಡುಗೆ ಮೊದಲಾದ ಗೃಹಸ್ಥನ ವಿದ್ಯೆಗಳೊಡನೆ ಇದನ್ನೂ ಕನ್ನಡದಲ್ಲಿ ತಿಳಿಸುತ್ತದೆ. ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಅದನ್ನೇ ಅರಸನ ಉಪಭೋಗಗಳಲ್ಲಿ ಎಣಿಸಿತು. ಆಗ ಹೊಯ್ಸಳರು ಆ ಚಾಳುಕ್ಯರ ಸಾಮಂತರು. ಹೀಗೆ ಗಂಧಕ್ಕೆ ಅರಮನೆಯ ದಾರಿಯೊಂದು, ಮನೆಯ ದಾರಿಯೊಂದು.

ಅರಮನೆಯ ವಸ್ತು ಶ್ರೀಗಂಧ. ಹಾಸನ, ಕಡೂರು ಸೀಮೆಗಳು ಅದು ತಾನಾಗಿ ಹುಟ್ಟಿ ಬೆಳೆಯುವ ನೆಲ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಮುಂದಣ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. 1916ರಲ್ಲಿ ಮೈಸೂರು ಸರ್ಕಾರವು ಗಂಧದೆಣ್ಣೆಯನ್ನು ಭಟ್ಟಿಯಿಳಿಸಲಾರಂಭಿಸಲು ನಾಡಿಗೆ ಕೀರ್ತಿ ಬಂದಿತು. ಆದರೆ ಹೊಲದ ಬದುವಿನಲ್ಲಿ ಹುಟ್ಟಿದ ಗಂಧದ ಸಸಿಯು ರೈತನಿಗೆ ಹೊರೆಯಾಯಿತು. ತನ್ನದಲ್ಲದ ಮರವನ್ನು ಯಾರು ತಾನೆ ಸಾಕಿಯಾರು? ಚೇಗು ಬಲಿಯಲು 15–20 ವರ್ಷಗಳಾದರೂ ಬೇಕು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಮರವನ್ನು ಬುಡಸಹಿತ ಕೀಳುತ್ತಾರೆ. ಕಳವೂ ರೋಗವೂ ಕೂಡಿಕೊಂಡು ಕಾಡು ಬರಿದಾಗುತ್ತ ಬಂದಿತು. ಜಮೀನಿನ ಒಡೆಯನಿಗೇ ಮರದ ಒಡೆತನವನ್ನು ಕೊಟ್ಟ ಕಾನೂನು ಕರ್ನಾಟಕದಲ್ಲಿ ಬಂದುದು 2001ರಲ್ಲಿ.

ಮನೆಯ ವಸ್ತುಗಳಲ್ಲಿ ಲಾವಂಚವನ್ನು ನೋಡಿರಿ. ಇದೊಂದು ಹುಲ್ಲು. ಒಂದು, ಒಂದೂವರೆ ವರ್ಷದಲ್ಲಿ ಬೇರನ್ನು ಅಗೆದು, ಬುಡವನ್ನು ಸೀಳಿ ಮತ್ತೆ ನೆಟ್ಟರೆ ಪುನಃ ಬೆಳೆ. ಬೇರಿನ ತಟ್ಟಿಯನ್ನು ಬೇಸಗೆಯಲ್ಲಿ ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ತಂಪೂ ಕಂಪೂ ಒಟ್ಟಿಗೆ ಒಳಬರುವುವು. ಒಣಬೇರನ್ನು ಬಟ್ಟೆಯ ಪೆಟ್ಟಿಗೆಯಲ್ಲಿಡಬಹುದು; ತೆಂಗಿಗೆ ಹೆಸರಾದ ಅರಸೀಕೆರೆಯ ಸೀಮೆಯಲ್ಲಿ ಕೊಬ್ಬರಿ ಎಣ್ಣೆಗೆ ಹಾಕಿ ತಲೆಗೆ ಹಚ್ಚಿಕೊಳ್ಳಬಹುದು. ಬದುವಿನ ಮಣ್ಣು ಕೊಚ್ಚಿಹೋಗದಂತೆ ತಡೆಯುವುದೂ ಇದೇ ಬೇರು. ಆದುದರಿಂದ ಅಲ್ಲಿಯದನ್ನು ಉಳಿಸಿ, ಸಮನೆಲದ ಮಡಿಯದನ್ನು ಮಾತ್ರ ಅಗೆಯತಕ್ಕದ್ದು.

ಪ್ರಕೃತಿದತ್ತವಾದ ಮಾತ್ರಕ್ಕೆ ವಸ್ತುವು ಅಕ್ಷಯವಾಗದೆಂಬುದಕ್ಕೆ ಶ್ರೀಗಂಧವೇ ಸಾಕ್ಷಿ. ಪರಿಮಳವನ್ನು ಕೊಳ್ಳುವಾಗ ನಾವು ಎರಡು ಪ್ರಶ್ನೆಗಳನ್ನು ಕೇಳಬೇಕು: ಇದು ಮತ್ತೆ ಎಷ್ಟು ದಿನಕ್ಕೆ ಬೆಳೆದೀತು? ಬೆಳೆದವನಿಗೆ ಇದರಲ್ಲಿ ಹಕ್ಕುಂಟೆ?