ಕುಲಾವಿ, ಕುಂಚಿಗೆ

ದೊಡ್ಡಬೆಳವಂಗಲವನ್ನೊಳಗೊಂಡ ದೊಡ್ಡಬಳ್ಳಾಪುರ ತಾಲ್ಲೂಕು ಮಗ್ಗಗಳಿಗೆ ಹೆಸರಾದುದು. ಮಗ್ಗದಿಂದಿಳಿದ ಸೀರೆಗೆ ವರ್ತಕರ ಲೆಕ್ಕದಲ್ಲಿ ಸ್ಥಾನವುಂಟು. ಹಳತಾದ ಸೀರೆಯಿಂದ ಅಜ್ಜಿಯು ಮೊಮ್ಮಗುವಿಗೆ ಹೊಲಿದ ಕುಲಾವಿಗೆ ಅದಿಲ್ಲ. ಶಾಸನಗಳು ದತ್ತಿಯನ್ನು ಹೇಳುವುವಲ್ಲದೆ ತೊಟ್ಟಿಲ ಬಟ್ಟೆಯನ್ನು ಹೇಳವು. ಬಟ್ಟೆಯಾದರೂ ಒಂದು ಕೂಸಿನಿಂದ ಮತ್ತೊಂದಕ್ಕೆ ದಾಟಿ, ಕಡೆಗೆ ಒರಸುಬಟ್ಟೆಯಾಗಿ ಮುಗಿಯುವುದು.

ಎತ್ತಿಡುವಷ್ಟು ಅಂದವಾದ ಕೂಸಿನ ಉಡುಪನ್ನು ಅರಸುವವರು ಧಾರವಾಡದ ಕಡೆಗೆ ನೋಡಬೇಕು. ತಲೆಯನ್ನೂ ಬೆನ್ನನ್ನೂ ಒಟ್ಟಿಗೆ ಮುಚ್ಚುವ ಕುಂಚಿಗೆಯ ಮೇಲೆ ಅಲ್ಲಿನ ಹೆಂಗಸರು ಕಸೂತಿ ಹಾಕುತ್ತಿದ್ದರು. ಗೆರೆಯೆಳೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸಿಯೇ ತೇರು, ಗೋಪುರ, ತುಳಸಿಕಟ್ಟೆಗಳನ್ನು ಮೂಡಿಸುವರು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿಯು ಹೋದ ದಾರಿಯಲ್ಲೇ ಮರಳಿ ಬಂದು, ಬಿಟ್ಟ ತೆರಪನ್ನು ತುಂಬುವುದರಿಂದ ಒಳಮೈಯೂ ಹೊರಮೈಯೂ ಒಂದೇ. ದಾರಕ್ಕೆ ಗಂಟಿಲ್ಲ, ಎಳೆಗೂಸಿನ ನೆತ್ತಿಗೆ ಇದಕ್ಕಿಂತ ಹಿತವಾದ ಹೊಲಿಗೆ ಬೇರಿರಲಾರದು.

2005-06ರಲ್ಲಿ ಕಸೂತಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಒಳ್ಳೆಯದೇ, ಆದರೆ ಅದು ಮಾರಾಟದ ಸರಕಿಗೆ ಸಲ್ಲುವ ರಕ್ಷಣೆ. ಮನೆಯ ಕೂಸಿಗೆಂದೇ ಹೊಲಿದ ಕುಂಚಿಗೆಯು ಯಾವ ಪಟ್ಟಿಗೂ ಸೇರದು. ಹಳೆಯ ಮನೆಗಳ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದರೆ ಉಂಟು.